ಅಲುಗಾಡಬೇಡಿ

ರೈಲ್ವೆ ಗೇಟಿನ ಪಕ್ಕದ ನನ್ನ ಸ್ಟುಡಿಯೋದಲ್ಲಿ
ದಿನಕ್ಕೆ ನಲವತ್ತು ಸಲ ಹೇಳುತ್ತೇನೆ:
ಗದ್ದ ಇಳಿಸಿ, ಕಣ್ಣು ಬಿಡಿ, ಅಲುಗಾಡಬೇಡಿ.
ಜನ ಕೇಳುತ್ತಾರೆ. ನೀಲಿ ಪರದೆಯ ಮುಂದೆ
ಒಂದು ಗಳಿಗೆ ಎಲ್ಲರಿಗೂ ಒಂದೇ ಮುಖ.

ಭಾನುವಾರ ಆ ಮಾತು ನನಗೇ.
ಕೊಂಡಜ್ಜಿ ಕೆರೆಯಂಚಿನ ಜಾಲಿಯ ಮರೆಯಲ್ಲಿ,
ಮದುವೆ ಕೆಲಸಕ್ಕೆಂದು ಬಾಡಿಗೆಗೆ ತಂದ ಉದ್ದ ಲೆನ್ಸಿಗೆ
ಹೆಂಡತಿಯ ಕಂದು ಶಾಲು ಹೊದಿಸಿ
ಬೋರಲು ಮಲಗಿದ್ದೇನೆ.
ಅಂಗಿಯ ಗುಂಡಿಗಳಡಿ ತಣ್ಣನೆ ಕೆಸರು.
ಹೆಬ್ಬಾತುಗಳು ಕತ್ತಲಲ್ಲೇ ಮಾತಾಡಿಕೊಳ್ಳುತ್ತಿವೆ,
ಮೊದಲ ಬಸ್ಸಿಗೆ ಕಾದವರ ಹಾಗೆ:
ಯಾರು ಬಂದರು, ಯಾರು ಇನ್ನೂ ಬರಲಿಲ್ಲ.

ಹಿಮಾಲಯ ದಾಟಿ ಬಂದ ಬಿಳಿ ತಲೆ,
ಅದರ ಹಿಂದೆ ಎರಡು ಕಪ್ಪು ಗೆರೆ.
ಲೆಕ್ಕದ ಪುಸ್ತಕದಲ್ಲಿ, ತೀರಿದ ಬಾಕಿಯ ಕೆಳಗೆ,
ಅಪ್ಪ ಹೀಗೇ ಎಳೆಯುತ್ತಿದ್ದ.

ಬೆಳಕು ಬಂತು. ಸಾಲದು.
ಒಂದು ಹಕ್ಕಿ ಕತ್ತೆತ್ತಿ ನನ್ನ ಕಡೆ ನೋಡಿತು.
ನಾನು ಉಸಿರು ಹಿಡಿದೆ,
ಗದ್ದ ಇಳಿಸಿದೆ, ಕಣ್ಣು ಬಿಟ್ಟೆ.

ಅಷ್ಟರಲ್ಲಿ ಹಾಲೇಶಪ್ಪನ ತೆಪ್ಪ.
ಬಲೆ ಎತ್ತಲು ಬಂದವನು ಹುಟ್ಟು ಹಾಕಿದ್ದೇ ತಡ
ಕೆರೆಗೆ ಕೆರೆಯೇ ಎದ್ದು ಹೋಯಿತು.
ನೂರೋ ಇನ್ನೂರೋ. ಬೆರಳು ಒತ್ತಿದ್ದು ಗೊತ್ತು;
ಸಿಕ್ಕಿದ್ದು ಒಂದು ರೆಕ್ಕೆಯ ತುದಿ, ಕರೆಂಟಿನ ತಂತಿ,
ಉಳಿದದ್ದೆಲ್ಲ ಆಕಾಶ.

ಬೈಯಲು ಬಾಯಿ ತೆರೆದೆ. ಅವನೇ ಮೊದಲು ಕೇಳಿದ:
"ಕುಂಟಿ ಕಂಡ್ಲೇನ್ರಿ?"
ಯಾರು?
"ಎಡಗಾಲು ಸೊಟ್ಟ ಐತೆ. ಮೂರು ವರ್ಸದಿಂದ ಬರ್ತಾಳೆ.
ಈ ಸಲ ತಡ, ಅಮಾಸಿ ಕಳೆದ ಮ್ಯಾಲೆ ಬಂದ್ಲು.
ಜೊತೆಗಿದ್ದೋನು ಕಾಣ್ಲಿಲ್ಲ."

ರಾತ್ರಿ ಶಟರ್ ಅರ್ಧ ಎಳೆದು ಕಂಪ್ಯೂಟರಿನ ಮುಂದೆ ಕೂತೆ.
ಮೂರು ಚಳಿಗಾಲ, ನಾಲ್ಕು ಸಾವಿರ ಚಿತ್ರ.
ಕೊಕ್ಕು ಸ್ಪಷ್ಟ. ಕಣ್ಣೊಳಗಿನ ಬೆಳಕಿನ ಚುಕ್ಕೆಯೂ ಸ್ಪಷ್ಟ.
ಕಾಲು ಮಾತ್ರ ಎಲ್ಲದರಲ್ಲೂ ನೀರೊಳಗೆ,
ಇಲ್ಲವೇ ಚೌಕಟ್ಟಿಗೆ ಚೆಂದವೆಂದು
ನಾನೇ ಕತ್ತರಿಸಿ ಹಾಕಿದ್ದೆ.

ಮುಂದಿನ ಭಾನುವಾರ ಲೆನ್ಸು ಹರಿಹರದ ಆರತಕ್ಷತೆಗೆ ಹೋಗಿತ್ತು,
ತಮ್ಮನ ಕೈಯಲ್ಲಿ.
ನಾನು ಬರಿಗೈಯಲ್ಲಿ ಕೆರೆಗೆ ಹೋದೆ.
ಹಾಲೇಶಪ್ಪ ಕುಕ್ಕರಗಾಲಲ್ಲಿ ಕೂತು ಬೀಡಿ ಆರಿಸಿ ತೋರಿಸಿದ:
ಕೆಸರಿನ ತುಂಬ ಮೂರು ಬೆರಳಿನ ಗುರುತು,
ಒಂದು ಸಾಲು ಮಾತ್ರ ಒಳಕ್ಕೆ ತಿರುಗಿಕೊಂಡಿತ್ತು.
ಬಗ್ಗಿದೆ.
"ಅಲುಗಾಡ್ಬ್ಯಾಡ್ರಿ" ಅಂದ, ಪಿಸುದನಿಯಲ್ಲಿ,
"ನಿಮ್ಮ ಹಿಂದೇ ಐದಾಳೆ."

ನಾನು ತಿರುಗಲಿಲ್ಲ.
ಕೊನೆಯ ಹೆಜ್ಜೆಯೊಳಗೆ ನೀರು ಇನ್ನೂ ಜಿನುಗುತ್ತಿತ್ತು.