ಇಪ್ಪತ್ತಾರನೆಯ ರಾತ್ರಿ

ಸಿಡಿದದ್ದು ಹನ್ನೊಂದು ಸೆಕೆಂಡು.
ಆಗ ನಾನು ಖೋಡದ್‌ನ ಕ್ಯಾಂಟೀನಿನಲ್ಲಿ
ಪೋಹೆಯ ಮೇಲೆ ನಿಂಬೆ ಹಿಂಡುತ್ತಿದ್ದೆ.
ಉಪಗ್ರಹ ಕಂಡಿತು, ಕೂಗಿತು.
ಲೋಕದ ದುರ್ಬೀನುಗಳೆಲ್ಲ ಕತ್ತು ತಿರುಗಿಸಿದವು,
ಬಸ್ಸಿಳಿದ ಹೊಸಬನ ಕಡೆಗೆ ಕಟ್ಟೆಯವರ ಹಾಗೆ.

ಕ್ಷ-ಕಿರಣದವರಿಗೆ ಅದು ಮರುದಿನದ ತನಕ ಸಿಕ್ಕಿತು.
ಕಣ್ಣಿಗೆ ಕಾಣುವ ಬೆಳಕಿನವರಿಗೆ ನಾಲ್ಕು ರಾತ್ರಿ,
ಮಸುಕಾಗುತ್ತ, ಮಸುಕಾಗುತ್ತ,
ಕೊನೆಗೆ ತನ್ನದೇ ಗ್ಯಾಲಕ್ಸಿಯ ಮಬ್ಬಿನೊಳಗೆ.
ನಾವು ರೇಡಿಯೋದವರು.
ಚಪ್ಪರ ಬಿಚ್ಚಿ, ಬಾಡಿಗೆ ಪಾತ್ರೆ ತೊಳೆದು
ಲೋಟ ಎಣಿಸುವ ಹೊತ್ತಿಗೆ
ನಮ್ಮ ಪಾಳಿ ಶುರು.

ಪುಣೆಯಿಂದ ಕೇತಕಿ ಪೇಂಡ್ಸೆಯ ಫೋನು,
ಲ್ಯಾಂಡ್‌ಲೈನಿಗೆ, ಇಲ್ಲಿ ಮೊಬೈಲು ಬಂದ್.
“ಏನಾದರೂ?”
ಮೂರನೆಯ ದಿನ: ಏನಿಲ್ಲ.
ಹನ್ನೊಂದನೆಯ ದಿನ: ಏನಿಲ್ಲ.
ಬರೆದುಕೊ, ಏನಿಲ್ಲ ಎಂಬುದಕ್ಕೂ ಒಂದು ಅಳತೆ ಇದೆ,
ನಕ್ಷೆಯಲ್ಲಿ ಕೆಳಮುಖದ ಪುಟ್ಟ ಬಾಣ:
ಇದಕ್ಕಿಂತ ಹೆಚ್ಚಿಲ್ಲ, ಅಷ್ಟು ಗೊತ್ತು.

ಇಪ್ಪತ್ತಾರನೆಯ ರಾತ್ರಿ
ಮೂವತ್ತರಲ್ಲಿ ಇಪ್ಪತ್ತೆಂಟು ಬೋಗುಣಿ ಸರಿಯಿದ್ದವು,
ತಂತಿಯಲ್ಲಿ ನೇಯ್ದವು, ಗುಬ್ಬಿಗೂ ಆಚೆ ಕಾಣುವಂಥವು.
ದಿನಚರಿಯಲ್ಲಿ ಬರೆದೆ: ಗಾಳಿ ಇಲ್ಲ.
ಅಷ್ಟರಲ್ಲಿ ಪರದೆಯ ಮೇಲೆ ಬಿಳಿ ಗೀರು,
ಸೆಕೆಂಡಿಗೊಂದು, ಟಕ್, ಟಕ್,
ಪೂರ್ವದ ತೋಳಿನ ಕಡೆಯಿಂದ.

ಡೀಸೆಲ್ ಜೀಪು ತೆಗೆದೆ,
ಪೆಟ್ರೋಲಿನದಾದರೆ ಅದರ ಕಿಡಿಯೂ ಒಂದು ಗದ್ದಲ.
ಕೈಯಲ್ಲಿ ಪುಟ್ಟ ಆಂಟೆನಾ,
ಕುಂಬಳಕಾಯಿ ಕಳ್ಳನ ಹುಡುಕಾಟ;
ದ್ರಾಕ್ಷಿ ಚಪ್ಪರ, ಟೊಮೆಟೊದ ಗೂಟ,
ಯಾರೂ ಹೆಗಲು ಮುಟ್ಟಿಕೊಳ್ಳಲಿಲ್ಲ.
ಕೊನೆಗೆ ಕಬ್ಬಿನ ಅಂಚಿಗೆ ತಂತಿ ಬೇಲಿ,
ಅದರೊಳಗೆ ಕರೆಂಟಿನ ಮಿಡಿತ,
ಚಿರತೆ ಬಾರದಿರಲೆಂದು ಕೊಂಡಿಬಾ ಖೈರೆ ಕಟ್ಟಿದ್ದು.

“ನಾಲ್ಕು ತಾಸು ಆರಿಸುತ್ತೀಯಾ?”
“ಯಾಕೆ?”
ಜತ್ತ ಕಡೆಯ ನನ್ನ ಮರಾಠಿಯಲ್ಲಿ ಹೇಳಿದೆ:
ಒಂದು ನಕ್ಷತ್ರ ಸತ್ತಿದೆ, ಉಳಿಬೆಳಕು ನೋಡಬೇಕು.
“ಯಾವಾಗ ಸತ್ತಿತು?”
ಭೂಮಿ ಹುಟ್ಟುವ ಮೊದಲು.
“ಹೋದದ್ದು ಹೋಯಿತು, ಅವಸರವೇನು ಸಾಹೇಬ?
ನನ್ನ ಹೋತ ಇನ್ನೂ ಬದುಕಿದೆ.”

ನನ್ನಲ್ಲಿ ಉತ್ತರವಿರಲಿಲ್ಲ.
ಹಿಂದಿನ ವಾರ ಪಕ್ಕದ ವಸ್ತಿಯಲ್ಲಿ ಎರಡು ಮರಿ ಹೋಗಿದ್ದವು.
ಕಬ್ಬಿನೊಳಗೆ ಏನೋ ಸರಿಯಿತು;
ಗಾಳಿ, ಎಂದುಕೊಂಡೆ.
ಗಾಳಿ ಇಲ್ಲವೆಂದು ಈಗಷ್ಟೇ ಬರೆದು ಬಂದಿದ್ದೆ.

ಅವನು ಹೋಗಿ ಸ್ವಿಚ್ಚು ಆರಿಸಿದ.
ಹೋತ, ಮೂರು ಆಡು, ನಡುವೆ ಕಂಬಳಿ,
ಒಂದು ಕೈಯಲ್ಲಿ ತಗಡಿನ ತಟ್ಟೆ, ಇನ್ನೊಂದರಲ್ಲಿ ಸೌಟು.
ಪ್ರಾಯದಲ್ಲಿ ನಾರಾಯಣಗಾವಿನ ತಮಾಶಾ ಮೇಳದಲ್ಲಿ
ಹಲಗೆ ಬಡಿದವನಂತೆ.

ಪರದೆ ಒರೆಸಿದ ಪಾಟಿಯಾಯಿತು.
ನಾಲ್ಕು ತಾಸು ನಾನು ಆ ಬರಿದನ್ನು ನೋಡಿದೆ.
ಕಿಟಕಿ ತೆರೆದರೆ ದೂರದ ತಟ್ಟೆಯ ಸದ್ದು,
ಧಿನ್ನ, ಬಿಡುವು, ಧಿನ್ನ ಧಿನ್ನ.
ಬೋಗುಣಿಗಳಿಗೆ ಅದು ಕೇಳಿಸುವುದಿಲ್ಲ.

ಮೂರು ದಿನದ ಮೇಲೆ ಕೇತಕಿ: “ಸಿಕ್ಕಿತು.”
ಆಮೇಲೆ ಏನೂ ಹೇಳದೆ ಫೋನು ಹಿಡಿದೇ ಇದ್ದಳು.
ಅವಳು ಕಳಿಸಿದ ನಕ್ಷೆಯಲ್ಲಿ
ಎಲ್ಲ ಬೆಳಕೂ ಇಳಿಜಾರು, ಇಳಿಜಾರು,
ಬಲತುದಿಯಲ್ಲಿ ನಮ್ಮದೊಂದು ಚುಕ್ಕೆ,
ಮೇಲೆ ಕೆಳಗೆ ದೋಷದ ಕಡ್ಡಿ.

ಪ್ರಬಂಧದ ಕೊನೆಗೆ ಕೃತಜ್ಞತೆ:
ಸಿಬ್ಬಂದಿಗೆ, ಉಪಗ್ರಹದ ತಂಡಕ್ಕೆ, ಅನುದಾನದ ಸಂಖ್ಯೆಗೆ.
ಕೊಂಡಿಬಾನ ಹೆಸರು ಹೇಳಬಹುದಿತ್ತು,
ಹೇಳಲಿಲ್ಲ.
ಬೇಲಿಗೆ ಪರವಾನಗಿ ಇರಲಿಲ್ಲ.

ನಕ್ಷೆ ಒಯ್ದು ಅವನಿಗೇ ತೋರಿಸಿದೆ.
ತಿರುಗಿಸಿ ನೋಡಿ, ಚುಕ್ಕೆಯ ಮೇಲೆ ಉಗುರಿಟ್ಟ.
“ಇದಾ? ಇರುವೆಯಷ್ಟು?”
“ಹೂಂ.”
“ಇನ್ನೆಷ್ಟು ದಿನ ಇದ್ದೀತು?”
“ಮೂರು ತಿಂಗಳು. ನಮ್ಮ ಅದೃಷ್ಟವಿದ್ದರೆ.”
ಬೆರಳ ಗೆಣ್ಣಿನ ಮೇಲೆ ಎಣಿಸಿದ.
“ಹಾಗಾದರೆ ಕಬ್ಬು ಕಡಿದ ಮೇಲೆ ಬಾ.
ಆಗ ಅದಕ್ಕೆ ಅಡಗಲು ಜಾಗ ಇರುವುದಿಲ್ಲ.”