ಆರು ಹೆಜ್ಜಿ

ಸ್ಟೇಷನ್ ರೋಡಿನಿಂದ ಎಡಕ್ಕ ಹೊಳ್ಳಿದರ
ಮೂರನೇ ಬಾಗಲಾ ನೀಲಗಂಗವ್ವನ ಖಾನಾವಳಿ.
ಬೋರ್ಡು ಇರಲಿಲ್ಲ.
ರೊಟ್ಟಿ ಬಡಿಯೋ ಸಪ್ಪಳಾನ ಬೋರ್ಡು.

ನಾನು ಹಿತ್ತಲದಾಗ.
ಕಟಗಿ ಒಡದು, ಬೂದಿ ತಗದು,
ಮಂದಿ ಉಂಡೆದ್ದ ಎಲಿ ಬುಟ್ಟಿ ತುಂಬಿ ಹೊತ್ತು ಒಗೀತಿದ್ದೆ.
ಅಡಗಿಮನಿ ಹೊಸ್ತಿಲಕ್ಕೂ ನನಗೂ ನಡುವ
ಆರು ಹೆಜ್ಜಿ.
ಯಾರೂ ಅಳದು ಹೇಳಿದ್ದಲ್ಲ,
ಹನ್ನೊಂದು ವರ್ಷದ ಕಾಲಿಗೆ ತಾನ ಗೊತ್ತಿತ್ತು.

ಪಂಕ್ತಿಗೆ ಹದಿನಾಲ್ಕು ಮಂದಿ, ತಿಂಗಳ ಗಿರಾಕಿ.
ರೈಲ್ವೆ ಕಾರಖಾನಿ ಫಿಟರ್ ಮುದಕಪ್ಪ,
ಎಷ್ಟು ತಿಕ್ಕಿದರೂ ಉಗುರಿನಾಗ ಗ್ರೀಸು.
ಕಾಲೇಜಿನ ಹುಡುಗರಿಬ್ಬರು,
ಇಬ್ಬರಿಗೂ ಕೂಡಿ ಒಂದ ಕೋಟು.
ಅರಳಿ ಅಂಗಡಿ ಗುಮಾಸ್ತ ಚಂಬಣ್ಣ.
ಮತ್ತ ಪೊಲೀಸ್ ಸಾಳುಂಕೆ, ಸಾತಾರಾ ಕಡೆಯಾಂವ,
ರೊಟ್ಟಿಗೆ ಭಾಕರಿ ಅಂತಿದ್ದ.
ಚಂಬಣ್ಣನ ಹೊಲದ ಮ್ಯಾಲಿನ ನೋಟೀಸು
ಮರಾಠಿಯೊಳಗ ಬಂದಾಗ
ಓದಿ ಹೇಳಿದಾಂವ ಅಂವನ,
ಒಂದು ಕೈಯಾಗ ಕಾಗದ, ಒಂದು ಕೈಯಾಗ ಉಳ್ಳಾಗಡ್ಡಿ.

ಆ ಬ್ಯಾಸಗಿ
ಹತ್ತಿರದ ಹಳ್ಳ್ಯಾಗ ಯಾರೋ ಅನ್ನ ಬಿಟ್ಟು ಕುಂತಾರಂತ,
ಕನ್ನಡದವರದೆಲ್ಲಾ ಒಂದ ರಾಜ್ಯ ಆಗಬೇಕಂತ.
ನನಗ ತಿಳದದ್ದು ಇಷ್ಟ:
ಅವರು ಉಣ್ಣೂದಿಲ್ಲ ಅಂತ ಇವರೂ ಉಣ್ಣವಲ್ಲರು,
ಬುಟ್ಟಿ ಹಗೂರಾತು.
ಬಡದ ರೊಟ್ಟಿ ಬಡದಂಗ ಕುಂತ್ವು,
ಪುಂಡಿಪಲ್ಯ ಗಡಗಿಯೊಳಗ ಆರಿ ಹೋತು.
‘ರಾಜ್ಯ ಬರ್ಲೆವ್ವಾ, ಬ್ಯಾಡ ಅಂದವರ್‍ಯಾರು.
ಜ್ವಾಳದ ರೊಕ್ಕಾ ಯಾರು ಕೊಡತಾರ?’
ಅಂದ್ಲು ನೀಲಗಂಗವ್ವ.
ಅಂದಾಕಿ ತಾನೂ ಉಣಲಿಲ್ಲ.

ನಾಕನೇ ದಿನ ಮಧ್ಯಾಹ್ನ
ಕೆರಿ ಒಡ್ಡು ಒಡದಂಗ ಓಣಿಗೆ ಮಂದಿ ಬಂತು.
ಹಿಂದ ಲಾಠಿ.
ಹದಿನಾಲ್ಕು ಮಂದಿ ಕೂಡೋ ಪಡಸಾಲಿಯೊಳಗ ನಲವತ್ತು,
ನಲವತ್ತು ತುಂಬಿ ಚೆಲ್ಲಿ ಅಡಗಿಮನಿಯೊಳಗ.
ಯಾರೋ ನನ್ನ ಹೆಗಲಾ ಹಿಡದು ದೂಡಿದರು.
ಆರು ಹೆಜ್ಜಿ ಯಾವಾಗ ಮುಗದ್ವು, ಎಣಿಸಲಿಲ್ಲ.

ನನ್ನ ಬೆನ್ನು ಹಿಟ್ಟಿನ ಡಬ್ಬಿಗೆ.
ಮಗ್ಗಲಕ್ಕ ಚಂಬಣ್ಣ, ಹಣಿ ಮ್ಯಾಲೆ ವಿಭೂತಿ ಕರಗಿ
ಅವನ ಬೆವರು ನನ್ನ ತೋಳಿಗೆ.
ನಾ ಯಾರ ಮಗ ಅಂತ ಅಂವಗ ಗೊತ್ತಿತ್ತು.
ಅಂವ ಸರೀಲಿಲ್ಲ.
ಸರಿಯಾಕ ಜಾಗಾ ಇರಲಿಲ್ಲ.

ಒನಕಿ ಅಡ್ಡ ಇಟ್ಟಳು ಬಾಗಲಕ್ಕ.
ಕೋಟಿನ ಹುಡುಗನ ತಲಿಗೆ ಅರಿಷಿಣ ಒತ್ತಿದಳು,
ಇಂವ ಕೋಟು ಹಾಕೊಂಡಿದ್ದ, ಅದರ ಪಾಳಿ ಇಂವಂದಿತ್ತು.
ಹೊರಗ ಬಡತ.
‘ಅವ್ವಾ, ಬಾಗಲಾ ತಗಿ.’
ಆ ದನಿ ನಮಗೆಲ್ಲಾ ಗೊತ್ತು.
‘ಇನ್ನೊಂದು ಹಾಕ್ರಿ’, ‘ಸಾಕ್ರಿ’,
ಅಂವ ಕನ್ನಡಾ ಕಲತದ್ದ ಈ ಮನಿಯಾಗ.
ಮುದಕಪ್ಪನ ಕೈ ಒಳಕಲ್ಲಿನ ಗುಂಡಿಗೆ ಹೋತು.
ಆಕಿ ಕಣ್ಣಲೇ ತಡದು ಒದರಿದಳು:
‘ಊಟಾ ಮುಗದೈತೋ. ನಾಳೆ ಬಾ.’

ಹೊರಗ ಉಸರಾಡೂದು ಕೇಳತಿತ್ತು.
ಆಮ್ಯಾಲೆ ಲಾಠಿ ಗ್ವಾಡಿಗೆ ಕೊರೀತ, ಕೊರೀತ,
ದೂರ ಹೋತು.

ಹೊತ್ತು ಮುಳುಗಿದ ಮ್ಯಾಲೆ ಒಬ್ಬೊಬ್ಬರ ಹೊಂಟರು.
ನನಗ ಎರಡು ರೊಟ್ಟಿ ಹಾಕಿದಳು,
ಯಾವತ್ತಿನಂಗ ಮ್ಯಾಲಿಂದ.
ಆದರ ಅಷ್ಟು ಮ್ಯಾಲಿಂದಲ್ಲ.

ಮೂರು ವರ್ಷಕ್ಕ ರಾಜ್ಯ ಬಂತು.
ಸಾಲಿಯೊಳಗ ಪೇಢೆ ಹಂಚಿದರಂತ, ನಾ ಸಾಲಿಗೆ ಹೋಗತಿರಲಿಲ್ಲ.
ಚಂಬಣ್ಣಗ ನೋಟೀಸು ಕನ್ನಡದಾಗ ಬಂತು,
ತಾನ ಓದಿಕೊಂಡ, ಬಾಕಿ ಅಷ್ಟ ಇತ್ತು.
ಸಾಳುಂಕೆಗೆ ಬದಲಿ ಆಗಿತ್ತು.
ಅವನ ಹೆಸರಿನ ಮುಂದ ಗ್ವಾಡಿ ಮ್ಯಾಲೆ ಇದ್ದಲೀ ಗೀಟು ಒಂಬತ್ತು,
ಸುಣ್ಣಾ ಹಚ್ಚುವಾಗೆಲ್ಲಾ
ಆಕಿ ಅಷ್ಟ ಜಾಗಾ ಬಿಡಸ್ತಿದ್ದಳು.

ನಾ ಹೇಳಬೇಕಂದದ್ದು ಮರುದಿನದ್ದು.
ಮುಂಜಾನೆ ಹೋದಾಗ
ಅಡಗಿಮನಿ ನೆಲಾ ಸಗಣಿ ಹಾಕಿ ಸಾರಿಸಿದ್ದಳು.
ದಿನಾನೂ ಸಾರಿಸ್ತಿದ್ದಳು.
ಆವತ್ತಿಂದು ದಿನದ್ದೋ,
ನನ್ನ ಸಲುವಾಗಿನದೋ?
ಆಕಿ ಹೋಗಿ ನಲವತ್ತು ವರ್ಷಾತು, ಕೇಳಲಿಲ್ಲ.
ಹೊಸ್ತಿಲದ ಮಟಾ ಹೋಗಿ ನಿಂತಿದ್ದೆ, ಅದು ಖರೆ.
ನೆಲಾ ಇನ್ನೂ ಹಸಿ ಇತ್ತು.
ಹಸಿ ನೆಲದ ಮ್ಯಾಲೆ
ಯಾರಾದರೂ ಕಾಲಿಡಬಾರದು.