ಹೆಪ್ಝಿಬಾಳ ಸಹಿ

ಚಾಕೊಲೇಟ್ ತುಂಡು ಮುರಿದು ಜಿನ್ನಿಗೆ ಹಾಕಬೇಡಿ.
ನಾನು ಹಾಕಿ ಕೆಟ್ಟವಳು. ಕಲಗಚ್ಚು.
ಬೇಕಾದ್ದು ಕೋಕೋ ಬೀಜದ ನುಚ್ಚು,
ಒಂದು ಬೊಗಸೆ,
ದಪ್ಪ ತಳದ ಬಾಣಲೆ, ಸಣ್ಣ ಉರಿ.
ಕಿಟಕಿ ಮುಚ್ಚಿರಬೇಕು:
ಘಮ ಹೊರಗೆ ಹೋದರೆ ಯಾರ್ಕಿನ ಈ ಬೀದಿಯಲ್ಲಿ
ಅರವತ್ತು ದಾಟಿದವರೆಲ್ಲ ಬಾಗಿಲಿಗೆ ಬಂದು ನಿಲ್ಲುತ್ತಾರೆ,
ಪಾಳಿ ಮುಗಿದ ಸೈರನ್ ಕೇಳಿದವರ ಹಾಗೆ.

ಆಗೆಲ್ಲ ಗಾಳಿ ಕಾರ್ಖಾನೆ ಕಡೆಯಿಂದ ಬೀಸಿದರೆ
ಒಣಹಾಕಿದ ಬಟ್ಟೆಗೂ ಕೋಕೋ ವಾಸನೆ.
ಅಮ್ಮ ಬೈಯುತ್ತಿದ್ದಳು.
ಈಗ ಅಲ್ಲಿ ಫ್ಲ್ಯಾಟುಗಳು; ಬೈಯಲು ಏನೂ ಇಲ್ಲ.

ಅಡುಗೆಮನೆ ಗೋಡೆಯ ಮೇಲೆ, ಗಾಜಿನ ಹಿಂದೆ,
ಮುತ್ತಜ್ಜಿ ಹೆಪ್ಝಿಬಾಳ ಪ್ರತಿಜ್ಞಾಪತ್ರ:
ಅಂಚಿಗೆ ನೀಲಿ ರಿಬ್ಬನ್ನು, ಮೂಲೆಗೊಂದು ಪಾರಿವಾಳ,
'ದೇವರ ನೆರವಿನಿಂದ ಮದ್ಯವನ್ನು ಮುಟ್ಟೆನು, ಮುಟ್ಟಿಸೆನು.'
ಆ ಕಾಲದ ಯಜಮಾನರು ಕ್ವೇಕರರು, ಮಿತಭಾಷಿಗಳು,
ಬಿಸಿ ಕೋಕೋ ಕೈಗಿತ್ತರೆ
ಊರು ಜಿನ್ ಬಿಟ್ಟೀತು ಎಂದು ನಂಬಿದವರು.
ಅಂದರೆ ಇವೆರಡೂ ಎಣ್ಣೆ, ಸೀಗೆಕಾಯಿ.
ಅವನ್ನೇ ಒಂದು ಜಾಡಿಯಲ್ಲಿ ಕೂಡಿಹಾಕಿ
ಮುಚ್ಚಳ ಬಿಗಿಯುವಾಗ
ಚೌಕಟ್ಟನ್ನು ಗೋಡೆಗೆ ಮುಖಮಾಡಿ ತಿರುಗಿಸುತ್ತೇನೆ.
ಅಷ್ಟಾದರೂ ಮರ್ಯಾದೆ ಬೇಡವೆ?

ನಾಲ್ಕು ದಿನ. ಐದನೆಯ ದಿನ ರುಚಿ ನೋಡಿ.
ವಾರ ಮೀರಿದರೆ ಕಹಿ ತಲೆಯೆತ್ತುತ್ತದೆ.
ಕಿತ್ತಳೆ ಸಿಪ್ಪೆ ಕೊನೆಯ ರಾತ್ರಿ ಮಾತ್ರ, ಬಿಳಿ ಪೊರೆ ಹೆರೆದು.
ತೆಳು ಬಟ್ಟೆಯಲ್ಲಿ ಸೋಸಿ, ಹಿಂಡಬೇಡಿ, ಒಗರು ಬರುತ್ತದೆ.
ಆಮೇಲೆ ಫ್ರೀಜರಿನಲ್ಲಿ ಒಂದಿಡೀ ರಾತ್ರಿ:
ಜಿನ್ ಹೆಪ್ಪುಗಟ್ಟುವ ಜಾತಿಯಲ್ಲ;
ಮೇಲೆ ಬಿಲ್ಲೆಯಾಗಿ ನಿಂತ ಕೋಕೋ ಬೆಣ್ಣೆಯನ್ನು
ಚಮಚದಲ್ಲಿ ಎತ್ತಿ ನಾನು ಹಿಮ್ಮಡಿಗೆ ಸವರಿಕೊಳ್ಳುತ್ತೇನೆ,
ಜನವರಿಯ ಬಿರುಕಿಗೆ ಅದಕ್ಕಿಂತ ಮದ್ದಿಲ್ಲ.

ಇದು ಒಂದಳತೆ, ಕ್ಯಾಂಪಾರಿ ಒಂದು, ಕೆಂಪು ವರ್ಮೂತ್ ಒಂದು,
ದೊಡ್ಡದೊಂದು ಮಂಜುಗಡ್ಡೆ. ಕುಲುಕಬೇಡಿ, ಕಲಕಿ.
ಅದರ ಬದಲು ಕೆನೆ, ಸಕ್ಕರೆಪಾಕ ಬೆರೆಸಿ
ಮೇಲೆ ಜಾಯಿಕಾಯಿ ತುರಿದು ಕೊಟ್ಟರೆ
ಪಕ್ಕದ ಮನೆ ಮ್ಯೂರಿಯಲ್ ಎರಡನೆಯದಕ್ಕೂ ಬೇಡವೆನ್ನಳು,
ಮೂರನೆಯದಕ್ಕೆ ಮೊದಲ ಗಂಡನನ್ನು ಹೊಗಳುತ್ತಾಳೆ.

ಹೋದ ತಿಂಗಳು ಜಾಡಿ ಕೈಜಾರಿ
ಚೌಕಟ್ಟಿನವರೆಗೂ ಸಿಡಿಯಿತು. ಒರೆಸಲು ಗಾಜು ಬಿಚ್ಚಿದೆ,
ಕನ್ನಡಕ ಹಾಕಿ ಮೊದಲ ಸಲ ಓದಿದೆ.
ಸಹಿಯ ಪಕ್ಕದಲ್ಲಿ ವಯಸ್ಸು: ಒಂಬತ್ತು.
ಹೆಸರಿನ ನಡುವಿನ ಝಡ್
ಕನ್ನಡಿಯಲ್ಲಿ ಕಂಡ ಹಾಗೆ ಹಿಂದುಮುಂದಾಗಿದೆ.

ಒಂಬತ್ತರ ಹುಡುಗಿ ಏನು ಕುಡಿದಿದ್ದಳೆಂದು ಬಿಟ್ಟಳು?
ಅವಳಪ್ಪ ಬೂಟು ಅಡವಿಟ್ಟ ಕತೆ
ನಮ್ಮಲ್ಲಿ ಕ್ರಿಸ್‌ಮಸ್ ಊಟಕ್ಕೆ ತಮಾಷೆಯಾಗಿ ಬರುತ್ತಿತ್ತು.
ಬೂಟು ಯಾರದೆಂದು
ಯಾರೂ ಹೇಳಿರಲಿಲ್ಲ.

ಭಾನುವಾರ ತಮ್ಮ ಲಯೊನೆಲ್ ಬರುತ್ತಾನೆ.
ಬಿಟ್ಟು ಮೂರು ವರ್ಷ; ಮೇಲಿನ ದಿನಗಳ ಲೆಕ್ಕ ಅವನ ಹತ್ತಿರವಿದೆ.
ಬಾಣಲೆಯಿಂದ ಜಾಡಿಗೆ ಸುರಿಯುವ ಮುಂಚೆ
ಒಂದು ಹಿಡಿ ಅವನಿಗೆಂದು ತೆಗೆದಿಟ್ಟಿರುತ್ತೇನೆ,
ಕುಟ್ಟಿ, ಹಾಲಲ್ಲಿ ಕುದಿಸಿ, ಸೋಸಿ, ಒಂದು ಹರಳು ಉಪ್ಪು.
ಲೋಟವನ್ನು ಎರಡೂ ಕೈಯಲ್ಲಿ ಹಿಡಿಯುತ್ತಾನೆ.
ಬಾಟಲಿಗಳು ಬೀರುವಿನಲ್ಲಿ, ಬೀಗ ನನ್ನ ಹತ್ತಿರ,
ಘಮಕ್ಕೆ ಬೀಗ ಎಲ್ಲಿಂದ ತರಲಿ?

'ಈ ಸಲ ಸ್ವಲ್ಪ ಹೆಚ್ಚೇ ಹುರಿದಿದ್ದೀಯ,' ಅನ್ನುತ್ತಾನೆ.
'ಹೌದೋ ಏನೋ,' ಅನ್ನುತ್ತೇನೆ.
ಎದ್ದು ತನ್ನ ಲೋಟ ತಾನೇ ತೊಳೆದು,
ಗೋಡೆಗೆ ಮುಖಮಾಡಿದ್ದ ಚೌಕಟ್ಟನ್ನು
ಮಾತಿಲ್ಲದೆ ಈಚೆ ತಿರುಗಿಸಿ,
ಒಂದು ಹೆಜ್ಜೆ ಹಿಂದೆ ನಿಂತು ಓರೆ ನೋಡಿ,
ಎಡ ಮೂಲೆ ಕೂದಲೆಳೆಯಷ್ಟು ಎತ್ತಿ,
ಕೋಟು ಹುಡುಕುತ್ತಾನೆ.